ಹಣೆಗೆ ಕಟ್ಟಿದ ಕ್ಯಾಮೆರಾ

ಆ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಸ್ಟುಡಿಯೋ ಅಕ್ಕ ಎಂದು. ಇಸ್ತ್ರಿ ಅಂಗಡಿಗೂ ಬೀಗದ ಕೈ ಮಾಡಿಕೊಡುವವನ ಗೂಡಿಗೂ ನಡುವೆ ಇರುವ ಕಿರಿದಾದ ಫೋಟೋ ಸ್ಟುಡಿಯೋ ಆಕೆಯದು. ಒಳಗೆ ಒಂದು ತಿರುಗುವ ಸ್ಟೂಲು, ಹಿಂದೆ ಬಿಳಿ ಪರದೆ, ಎರಡು ಕಡೆ ಕೊಡೆ ಬಿಚ್ಚಿಟ್ಟ ದೀಪಗಳು, ಬಾಚಣಿಗೆ ಸಿಕ್ಕಿಸಿದ ಕನ್ನಡಿ. ಪಾಸ್‌ಪೋರ್ಟಿನ ಫೋಟೋ, ಶಾಲೆಯ ಗುರುತಿನ ಚೀಟಿಯ ಫೋಟೋ, ಕೆಲಸದ ಅರ್ಜಿಗೆ ಅಂಟಿಸುವ ಫೋಟೋ, ಇವೇ ಆಕೆಯ ಅನ್ನ. ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ ಬಿಡಿ, ಕಣ್ಣು ಮಿಟುಕಿಸಬೇಡಿ ಎನ್ನುತ್ತಾ ಊರಿನ ಅರ್ಧ ಜನರ ಮುಖವನ್ನು ಆಕೆ ಚೌಕದೊಳಗೆ ಕೂರಿಸಿದ್ದಾಳೆ. ಆ ಫೋಟೋಗಳಲ್ಲಿ ಯಾರೂ ಚೆನ್ನಾಗಿ ಕಾಣುವುದಿಲ್ಲ. ಅದು ಆಕೆಯ ತಪ್ಪಲ್ಲ, ಸರ್ಕಾರಕ್ಕೆ ಬೇಕಾದದ್ದೇ ಅಂಥ ಮುಖ.

ಹೆದರಿಕೆ ಆಕೆಗೆ ಹುಟ್ಟಿನಿಂದಲೇ ಬಂದದ್ದು ಎಂದು ಗಂಡ ಸಿಕ್ಕಸಿಕ್ಕವರ ಮುಂದೆ ಹೇಳುತ್ತಾನೆ. ಲೇತ್ ಶಾಪಿನಲ್ಲಿ ದುಡಿಯುವ ಮನುಷ್ಯ, ದಿನವಿಡೀ ಆ ಗದ್ದಲದಲ್ಲಿ ನಿಂತು ಬಂದು ಮನೆಯಲ್ಲಿ ನಾಲ್ಕು ಮಾತಾಡಿದರೆ ಹೆಚ್ಚು. ಆ ನಾಲ್ಕರಲ್ಲಿ ಒಂದು ಇದು. ಅವನ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುವವಳು ಆಕೆ. ಸ್ಟುಡಿಯೋಗೆ ಬೀಗ ಹಾಕಿ, ಎಳೆದು ನೋಡಿ, ಬೀಗದವನನ್ನು ಕರೆದು ಅವನ ಕೈಯಲ್ಲೂ ಒಮ್ಮೆ ಎಳೆಸಿ ನೋಡಿ ಆಮೇಲೆ ಹೊರಡುವವಳು. ಆದರೆ ಇದೆಲ್ಲ ಚಿಲ್ಲರೆ ಹೆದರಿಕೆ, ಯಾರ ಮನೆಯಲ್ಲಿಲ್ಲ ಹೇಳಿ. ನಿಜವಾದ ಹೆದರಿಕೆ ಆಕೆಯ ಮೈಗೆ ಹತ್ತಿದ್ದು ಒಂದು ಭಾನುವಾರ ಬೆಳಿಗ್ಗೆ, ಈಜುಕೊಳದ ದಂಡೆಯ ಮೇಲೆ ಕಿತ್ತಳೆ ಸುಲಿಯುತ್ತಾ ಕೂತಿದ್ದಾಗ.

ಮಗಳು ಆಗಿನ್ನೂ ಚಿಕ್ಕವಳು. ನೀರು ಕಂಡರೆ ಊಟ ತಿಂಡಿ ಮರೆಯುವ ಹುಡುಗಿ. ಕೊಳದ ನಡುವೆ ಸರಾಗವಾಗಿ ಈಜುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತಳು. ಕೈ ಸೆಟೆದುಕೊಂಡಿತು, ತಲೆ ಒಂದು ಪಕ್ಕಕ್ಕೆ ವಾಲಿತು, ಮೈ ಅದುರತೊಡಗಿತು. ಪಕ್ಕದ ಮಕ್ಕಳು ಇದೇನೋ ಆಟ ಎಂದುಕೊಂಡು ನಕ್ಕರು. ಮೊದಲ ಕ್ಷಣ ಆಕೆಗೂ ಹಾಗೇ ಅನ್ನಿಸಿ ನಗು ಬಂದಿತ್ತು. ಇದನ್ನು ಆಕೆ ಇವತ್ತಿಗೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಆಮೇಲೆ ಮಗಳ ಮುಖ ನೀರಿನೊಳಗೆ ಹೋಯಿತು, ಮೇಲೆ ಬರಲಿಲ್ಲ. ಆಕೆಗೆ ಈಜು ಬರುತ್ತಿರಲಿಲ್ಲ. ಹಾರಲು ಕಾಲು ಏಳದು, ಕೂಗಲು ದನಿ ಹೊರಡದು, ಕೈಯಲ್ಲಿ ಅರ್ಧ ಸುಲಿದ ಹಣ್ಣು. ಮಕ್ಕಳಿಗೆ ಈಜು ಕಲಿಸುವ ಕೋಚ್ ಬಟ್ಟೆ ಸಮೇತ ಹಾರಿ ಹುಡುಗಿಯನ್ನು ಎತ್ತಿಕೊಂಡು ಬಂದರು. ಉಸಿರು ತಿರುಗಿ ಬಂತು, ಕಣ್ಣು ಬಿಟ್ಟಳು, ಅಮ್ಮ ಯಾಕೆ ಅಳ್ತಿದಾಳೆ ಎಂದು ಕೋಚನ್ನು ಕೇಳಿದಳು.

ಮೂರ್ಛೆ ಎಂದರು ಡಾಕ್ಟರು. ತಲೆಗೆಲ್ಲ ತಂತಿ ಅಂಟಿಸಿ ಪರೀಕ್ಷೆ ಮಾಡಿದರು, ಮಾತ್ರೆ ಕೊಟ್ಟರು. ವರ್ಷಗಳು ಕಳೆದವು, ಇನ್ನೊಮ್ಮೆ ಬರಲಿಲ್ಲ, ಮಾತ್ರೆಯೂ ನಿಂತಿತು. ಈಜಬಹುದು, ಆದರೆ ಅವಳ ಮೇಲೆ ಕಣ್ಣಿಟ್ಟಿರುವವರು ಒಬ್ಬರು ನೀರಿನಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದ್ದು ಮಾತ್ರ ಹಾಗೇ ಉಳಿಯಿತು. ಈಜೇ ಬೇಡ ಎಂದುಬಿಡಬಹುದಿತ್ತಲ್ಲ ಎಂದು ನೆರೆಯವರು ಕೇಳಿದರು. ಕೇಳುವವರಿಗೇನು, ಬಾಯಿದೆ. ಮಗಳು ಮುಖ ಗೋಡೆಗೆ ತಿರುಗಿಸಿ ಮಲಗಿದ್ದನ್ನು ನೋಡಿದವಳು ತಾಯಿ. ಹಾಗಾಗಿ ಸ್ಟುಡಿಯೋ ಅಕ್ಕ ತಾನೇ ಈಜು ಕಲಿತಳು, ಆ ವಯಸ್ಸಿನಲ್ಲಿ, ಹಲ್ಲು ಬಿದ್ದ ಪುಟಾಣಿಗಳ ಜೊತೆ ಹಲಗೆ ಹಿಡಿದು ಕಾಲು ಬಡಿಯುತ್ತಾ. ಮೂಗಿಗೆ ನೀರು ಹೋಗಿ ಕೆಮ್ಮಿದಳು, ಕುಡಿದಳು, ವಾಂತಿ ಮಾಡಿಕೊಂಡಳು, ಬಿಡಲಿಲ್ಲ. ಅಂದಿನಿಂದ ಮಗಳು ನೀರಿಗಿಳಿದಾಗಲೆಲ್ಲ ಹಗ್ಗದಾಚೆ ಪಕ್ಕದ ಸಾಲಿನಲ್ಲಿ ತಾಯಿ. ಕಾಲಿಗೆ ಉದ್ದನೆಯ ರಬ್ಬರ್ ರೆಕ್ಕೆ, ಬಾಯಲ್ಲಿ ಉಸಿರಿನ ಕೊಳವೆ, ಮುಖ ನೀರೊಳಗೆ, ಎರಡು ಕೈಯೂ ಖಾಲಿ. ಯಾವ ಗಳಿಗೆಯಲ್ಲಾದರೂ ಹಿಡಿಯಬೇಕಾಗಿ ಬಂದರೆ ಕೈ ಖಾಲಿ ಇರಬೇಕು ಎಂಬುದು ಆಕೆಯ ಒಂದೇ ನಿಯಮ.

ಈಗ ಮಗಳು ಬೆಳೆದು ನಿಂತಿದ್ದಾಳೆ. ದೂರದ ಪಟ್ಟಣದಲ್ಲಿ ಈಜುಗಾರರನ್ನು ಇಟ್ಟುಕೊಂಡು ತರಬೇತಿ ಕೊಡುವ ಒಂದು ಕೇಂದ್ರವಿದೆ. ಅಲ್ಲೇ ವಾಸ, ಅಲ್ಲೇ ಓದು, ಅಲ್ಲೇ ಈಜು. ಅಲ್ಲಿಗೆ ಸೇರಬೇಕೆಂದು ಅವಳು ಹಟ ಹಿಡಿದಿದ್ದಳು. ವಯಸ್ಸಿನ ಮಿತಿಯಿಂದಾಗಿ ಈ ಸಲ ತಪ್ಪಿದರೆ ಮುಂದೆ ಬಾಗಿಲಿಲ್ಲ. ಡಾಕ್ಟರ ಒಪ್ಪಿಗೆ ಸಿಕ್ಕಿತು, ಕೇಂದ್ರದವರೂ ಕೊಳದಲ್ಲಿ ಕಾವಲಿಗೆ ಒಬ್ಬರನ್ನು ಇಡುತ್ತೇವೆ ಎಂದರು. ಉಳಿದದ್ದು ಒಂದು ವಿಡಿಯೋ. ಹುಡುಗಿ ಕೊಳವನ್ನು ಹೋಗಿ ಬಂದು ಹೋಗಿ ಬಂದು ಈಜುವುದನ್ನು ನೀರಿನೊಳಗಿಂದಲೇ ತೆಗೆದಿರಬೇಕು. ಎಲ್ಲೂ ಕತ್ತರಿಸಿ ಜೋಡಿಸಿರಬಾರದು, ಮೊದಲಿನಿಂದ ಕೊನೆಯ ತನಕ ಒಂದೇ ಓಟ. ನಡುವೆ ಯಾರೂ ಅವಳನ್ನು ಮುಟ್ಟಿರಬಾರದು. ಭುಜ ಹೇಗೆ ಹೊರಳುತ್ತದೆ, ಸೊಂಟ ಎಷ್ಟು ಮುಳುಗುತ್ತದೆ, ಅಂಗೈ ನೀರನ್ನು ಎಲ್ಲಿ ಹಿಡಿಯುತ್ತದೆ, ಇವೆಲ್ಲ ಕಾಣಬೇಕು.

ಕೋಚ್ ತೆಗೆಯಬಹುದಿತ್ತು. ಆದರೆ ಅವರ ಕಿವಿಯ ತಮಟೆ ತೂತಾಗಿ, ತಲೆ ಮುಳುಗಿಸಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಜೀವಮಾನವಿಡೀ ಊರಿಗೆಲ್ಲ ತಲೆ ಮುಳುಗಿಸಲು ಕಲಿಸಿದ ಮನುಷ್ಯ ಈಗ ಸ್ನಾನಕ್ಕೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಅಲ್ಲದೆ ಬೇರೆ ಯಾರೇ ತೆಗೆದರೂ ಪಕ್ಕದಲ್ಲಿ ತಾಯಿ ಇದ್ದೇ ಇರುತ್ತಾಳೆ, ಚಿತ್ರದ ತುಂಬ ಆಕೆಯ ರಬ್ಬರ್ ರೆಕ್ಕೆಯೇ ತುಂಬಿಕೊಳ್ಳುತ್ತದೆ. ಅಂದ ಮೇಲೆ ಆಕೆಯೇ ತೆಗೆಯಲಿ, ಹೇಗೂ ಫೋಟೋದವಳು ಎಂದು ತೀರ್ಮಾನವಾಯಿತು. ಕ್ಯಾಮೆರಾ ಕೈಯಲ್ಲಿ ಹಿಡಿಯುವುದಿಲ್ಲ ಎಂದು ಸ್ಟುಡಿಯೋ ಅಕ್ಕ ಮೊದಲೇ ಹೇಳಿಬಿಟ್ಟಳು. ಕೈ ಖಾಲಿ ಇರಬೇಕು.

ಇಲ್ಲಿ ಗಂಡನ ಕೈಚಳಕ ಕೆಲಸಕ್ಕೆ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಳೆಯ ಕ್ಯಾಮೆರಾ ಒಂದಿತ್ತು, ನೀರು ಹೋಗದಂಥ ಅದರ ಪ್ಲಾಸ್ಟಿಕ್ ಪೆಟ್ಟಿಗೆಯೂ ಇತ್ತು. ಅದನ್ನು ಹಣೆಯ ಮೇಲೆ ಕೂರಿಸಲು ಅವನು ಪಟ್ಟಿ ಮಾಡಿದ. ಆದರೆ ಪೆಟ್ಟಿಗೆ ಮುಚ್ಚಿದ ಮೇಲೆ ಆ ಕ್ಯಾಮೆರಾ ಬೇಗ ಬಿಸಿಯಾಗಿ ತಾನೇ ಆರಿಹೋಗುತ್ತಿತ್ತು. ಬೇಕಾದಾಗ ಮಾತ್ರ ಹಚ್ಚಿ, ಬೇಡವಾದಾಗ ಆರಿಸಬೇಕು, ಅದೂ ಕೈ ಹಚ್ಚದೆ. ದಾರಿ ಹೊಳೆದದ್ದು ಆಕೆಗೆ. ಹಿಂದೆಲ್ಲ ಮೂರು ಕಾಲಿನ ದೊಡ್ಡ ಕ್ಯಾಮೆರಾಗಳಿಗೆ ರಬ್ಬರ್ ಉಂಡೆಯೊಂದು ಇರುತ್ತಿತ್ತು. ಉಂಡೆ ಹಿಚುಕಿದರೆ ಕೊಳವೆಯಲ್ಲಿನ ಗಾಳಿ ಹೋಗಿ ಗುಂಡಿ ಒತ್ತುತ್ತಿತ್ತು. ಅಂಥದ್ದೇ ಚಿಕ್ಕದೊಂದನ್ನು ಗಂಡ ಮಾಡಿ, ಉಸಿರಿನ ಕೊಳವೆಯ ಬಾಯಿಗೆ ಸೇರಿಸಿ, ದವಡೆ ಹಲ್ಲಿನ ನಡುವೆ ಬರುವಂತೆ ಕೂರಿಸಿದ. ಒಮ್ಮೆ ಕಚ್ಚಿದರೆ ಕ್ಯಾಮೆರಾ ಶುರು, ಇನ್ನೊಮ್ಮೆ ಕಚ್ಚಿದರೆ ಬಂದ್. ಬಕೆಟ್ಟಿನ ನೀರಲ್ಲಿ ತಲೆ ಅದ್ದಿ ಅಡುಗೆಮನೆಯಲ್ಲೇ ಪರೀಕ್ಷೆ ನಡೆಯಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಗಂಡನ ಮುಖದಲ್ಲೂ ಅಪರೂಪಕ್ಕೆ ಹಲ್ಲು ಕಂಡವು.

ಮೊದಲ ವಿಡಿಯೋ ನೋಡಿ ಕೋಚ್ ತಲೆ ಕೆರೆದುಕೊಂಡರು. ಸ್ಟುಡಿಯೋದ ಕಂಪ್ಯೂಟರಿನ ಮುಂದೆ ತಿರುಗುವ ಸ್ಟೂಲಿನ ಮೇಲೆ ಕೂತು, ಮುಂದಕ್ಕೆ ಓಡಿಸಿ ಹಿಂದಕ್ಕೆ ಓಡಿಸಿ ನೋಡಿದರು. ಮೊದಲಿನಿಂದ ಕೊನೆಯವರೆಗೂ ಬರೀ ಬಾಯಿ. ಮಗಳ ಬಾಯಿ ನೀರಿನಲ್ಲಿ, ಮಗಳ ಬಾಯಿ ನೀರಿನ ಮೇಲೆ, ಗುಳ್ಳೆ, ಮತ್ತೆ ಬಾಯಿ. ಭುಜವಿಲ್ಲ, ಸೊಂಟವಿಲ್ಲ, ಕಾಲಂತೂ ಇಲ್ಲವೇ ಇಲ್ಲ. ಹಣೆಯ ಮೇಲಿನ ಕ್ಯಾಮೆರಾಕ್ಕೆ ತನ್ನದೇ ಕಣ್ಣಿಲ್ಲ, ಕಟ್ಟಿಕೊಂಡವರು ಎತ್ತ ತಿರುಗಿದರೆ ಅತ್ತ ಅದು. ತಾನು ಇಷ್ಟು ವರ್ಷ ಪಕ್ಕದಲ್ಲಿ ಈಜಿದ್ದು ಮಗಳ ಉಸಿರೊಂದನ್ನೇ ನೋಡುತ್ತಾ ಎಂದು ಆಕೆಗೆ ಆವತ್ತೇ ಗೊತ್ತಾದದ್ದು. ಇದನ್ನು ಕಳಿಸಿದ್ರೆ ಹಲ್ಲಿನ ಡಾಕ್ಟರಿಗೆ ಕಳಿಸಬೇಕಷ್ಟೆ ಎಂದು ಕೋಚ್ ನಗೆಯಾಡಿದರು. ನಕ್ಕರೂ ಅವರ ದನಿಯಲ್ಲಿ ಆತಂಕವಿತ್ತು, ಕಳಿಸುವ ಗಡುವು ಹತ್ತಿರ ಬರುತ್ತಿತ್ತು.

ಸರಿ, ಮುಖ ಬಿಟ್ಟು ಮೈ ನೋಡಬೇಕು. ಆಕೆ ನೋಡಿದಳು. ಕತ್ತನ್ನು ಬಲವಂತವಾಗಿ ಹಿಂದಕ್ಕೆ ತಿರುಗಿಸಿ ಸೊಂಟ ನೋಡಿದಳು, ಕಾಲು ನೋಡಿದಳು. ಮುಖ ಕಾಣದಿದ್ದ ಆ ಹೊತ್ತಿನಲ್ಲಿ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೆಂದರೆ ಆ ಸದ್ದು ನೀರಿನಲ್ಲಿ ಮಗಳಿಗೂ ಕೇಳುತ್ತದೇನೋ ಎಂದು ಆಕೆಗೆ ಅನ್ನಿಸಿತು. ಕಾಲು ಬಡಿಯುತ್ತಿದೆ, ಅಂದರೆ ಉಸಿರಿದೆ. ಕಾಲು ಒಂದು ಕ್ಷಣ ನಿಧಾನವಾಯಿತೆ? ಇಲ್ಲ, ಗೋಡೆ ಹತ್ತಿರ ಬಂತು, ಅದಕ್ಕೆ. ತಿರುಗಿದಳು. ಈಗ ಯಾಕೆ ಗುಳ್ಳೆ ಕಡಿಮೆ? ಅಯ್ಯೋ, ಬಂತು, ಗುಳ್ಳೆ ಬಂತು. ಹೀಗೆ ಒಂದೊಂದು ತಿರುವಿಗೂ ಜೀವ ಬಾಯಿಗೆ ಬಂದು, ಕೊನೆಗೆ ಮೇಲೆದ್ದಾಗ ಸೋತು ಸುಣ್ಣವಾಗಿದ್ದಳು. ಆದರೂ ಒಳಗೊಳಗೆ ಹೆಮ್ಮೆ. ಒಂದು ಸಲವೂ ಬಾಯಿ ನೋಡಲಿಲ್ಲ.

ಆ ಸಂಜೆ ಗಂಡ, ಹೆಂಡತಿ, ಮಗಳು ಮೂವರೂ ಸ್ಟುಡಿಯೋದ ಬಾಗಿಲು ಅರ್ಧ ಎಳೆದುಕೊಂಡು ನೋಡಲು ಕೂತರು. ವಿಡಿಯೋ ಒಂದಲ್ಲ, ಹತ್ತಾರು ತುಂಡು. ಒಂದು ಶುರುವಾಗಿ ನಿಲ್ಲುತ್ತದೆ, ಕೊಂಚ ಬಿಟ್ಟು ಇನ್ನೊಂದು ಶುರುವಾಗುತ್ತದೆ. ನಡುವೆಲ್ಲ ತೂತು. ಪೆಟ್ಟಿಗೆ ಸೋರಿರಬೇಕು ಎಂದು ಆಕೆ ಗಂಡನ ಕಡೆ ತಿರುಗಿದಳು. ಅವನು ಪೆಟ್ಟಿಗೆ ಬಿಚ್ಚಿ ನೋಡಿದ, ಬೆರಳಾಡಿಸಿದ, ಒಣಗಿತ್ತು. ಆಮೇಲೆ ರಬ್ಬರ್ ಉಂಡೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಮೇಲೆಲ್ಲ ಹಲ್ಲಿನ ಗುರುತು, ಒಂದರ ಮೇಲೊಂದು, ಹೊಸ ರಬ್ಬರು ಆಗಲೇ ಹರಿಯುವ ಹಾಗಾಗಿತ್ತು. ಅವನು ಅದನ್ನು ಹೆಂಡತಿಯ ಅಂಗೈಯಲ್ಲಿಟ್ಟ. ಗಾಬರಿಯಾದಾಗಲೆಲ್ಲ ಆಕೆ ಹಲ್ಲು ಕಚ್ಚಿದ್ದಾಳೆ. ಕಚ್ಚಿದಾಗ ಕ್ಯಾಮೆರಾ ನಿಂತಿದೆ, ಮತ್ತೆ ಗಾಬರಿಯಾಗಿ ಕಚ್ಚಿದಾಗ ಮತ್ತೆ ಶುರುವಾಗಿದೆ.

ಮಗಳು ಮೊದಲು ನಕ್ಕಳು. ಆಮೇಲೆ ಒಂದೊಂದೇ ತುಂಡು ಹಾಕಿ ನೋಡುತ್ತಾ ಹೋದಂತೆ ಅವಳ ನಗು ಇಳಿಯಿತು. ಯಾವ ಯಾವ ಜಾಗದಲ್ಲಿ ತಾಯಿಗೆ ಎದೆ ಧಸಕ್ಕೆಂದಿತ್ತು ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿದಂತೆ ಇತ್ತು. ಗೋಡೆಯ ಹತ್ತಿರ, ತಿರುಗುವಾಗ, ಮುಖ ಆಚೆ ಕಡೆ ಹೋದಾಗ, ಏನೂ ಇಲ್ಲದ ಕಡೆಯಲ್ಲೂ. ಇಷ್ಟೊಂದಾ ಎಂದಳು ಮಗಳು. ತಾಯಿ ಕೊಡೆಯ ದೀಪಗಳ ಧೂಳು ಒರೆಸತೊಡಗಿದಳು. ಒರೆಸುವಂಥ ಧೂಳೇನೂ ಅಲ್ಲಿರಲಿಲ್ಲ.

ಮರುದಿನ ಉಂಡೆಯನ್ನೇ ಕಿತ್ತುಹಾಕಿದರು. ಕ್ಯಾಮೆರಾವನ್ನು ಐಸ್ ಚೀಲದ ಮೇಲಿಟ್ಟು ಚೆನ್ನಾಗಿ ತಣಿಸಿ, ಒರೆಸಿ, ಪೆಟ್ಟಿಗೆಗೆ ಹಾಕಿ, ದಂಡೆಯ ಮೇಲೇ ಕೈಯಿಂದ ಹಚ್ಚಿ ಇಳಿದರೆ ಈಜು ಮುಗಿಯುವವರೆಗೆ ಹೇಗೋ ತಾಳುತ್ತದೆ ಎಂದು ಗಂಡ ಲೆಕ್ಕ ಹಾಕಿದ್ದ. ಒಂದು ಸಲಕ್ಕೆ ತಾಳುತ್ತದೆ, ಎರಡನೆಯದಕ್ಕೆ ಮತ್ತೆ ತಣಿಸಲು ಹೊತ್ತು ಬೇಕು. ಆ ದಿನ ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು. ಮಗಳು ಸೊಗಸಾಗಿ ಈಜಿದಳು. ತಾಯಿ ಭುಜ ನೋಡಿದಳು, ಸೊಂಟ ನೋಡಿದಳು, ಕಚ್ಚಲು ಏನೂ ಇಲ್ಲದ್ದರಿಂದ ಕೊಳವೆಯನ್ನೇ ಕಚ್ಚಿದಳು. ಕೊನೆಯ ಸುತ್ತು. ಅರ್ಧ ದಾರಿಯಲ್ಲಿ ಮಗಳ ಒಂದು ಕೈ ಮುಂದೆ ಚಾಚಿದ್ದು ಹಾಗೇ ಉಳಿಯಿತು. ಒಂದು ಗಳಿಗೆ, ಅಷ್ಟೆ. ಈಜು ಕನ್ನಡಕದೊಳಗೆ ನೀರು ಹೋಗಿ ಅವಳು ಕಣ್ಣು ಕಿವುಚಿದ್ದಳು. ಆದರೆ ಆ ಚಾಚಿದ ಕೈ ತಾಯಿಗೆ ಆ ಭಾನುವಾರದ ಸೆಟೆದ ಕೈಯಾಗಿ ಕಂಡಿತು. ಸಾಲು ಬೇರೆ ಮಾಡುವ ಹಗ್ಗದ ಅಡಿಯಿಂದ ನುಗ್ಗಿ, ಮಗಳ ಕಂಕುಳಿಗೆ ಕೈ ಹಾಕಿ, ಇಡೀ ಮೈಯನ್ನು ಮಗುಚಿ ಮುಖ ಮೇಲೆತ್ತಿದಳು.

ಮಗಳು ಕೈ ಕೊಡವಿಕೊಂಡು ನಿಂತಳು. ಕೊಳದ ಆ ಭಾಗದಲ್ಲಿ ನೀರು ಎದೆಮಟ್ಟ. ಅವಳು ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು ಎಂದು ಸ್ಟುಡಿಯೋ ಅಕ್ಕನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

"ನಿನಗೆ ನಾನು ಹೋಗೋದು ಬೇಡ. ಅದನ್ನ ನೇರವಾಗಿ ಹೇಳು, ನಾನು ಸುಮ್ಮನಾಗ್ತೀನಿ," ಎಂದಳು ಮಗಳು.

"ಹಾಗೆಲ್ಲ ಅನ್ನಬೇಡ ಪುಟ್ಟಿ. ನಿನ್ನ ಕೈ ನಿಂತಿತು. ನಾನು ನೋಡಿದೆ."

"ಕನ್ನಡಕಕ್ಕೆ ನೀರು ಹೋಗಿತ್ತಮ್ಮ." ಮಗಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. "ಆವತ್ತು ಏನಾಯ್ತು ಅಂತ ನನಗೆ ನೆನಪೇ ಇಲ್ಲ. ಈಜ್ತಾ ಇದ್ದೆ, ಕಣ್ಣು ಬಿಟ್ಟರೆ ನೀನು ಅಳ್ತಾ ಇದ್ದೆ, ಅಷ್ಟೆ ನನಗೆ ಗೊತ್ತಿರೋದು. ಅದು ಆಗಿದ್ದು ನನಗಲ್ಲ, ನಿನಗೆ."

ಇಷ್ಟು ಹೇಳಿ ಮೆಟ್ಟಿಲು ಹತ್ತಿ ಬಟ್ಟೆ ಬದಲಿಸುವ ಕೋಣೆಗೆ ಹೋದಳು. ತಾಯಿ ಹಣೆಯ ಮೇಲೆ ಕ್ಯಾಮೆರಾ ಹೊತ್ತುಕೊಂಡು ನೀರಿನಲ್ಲೇ ನಿಂತಿದ್ದಳು. ಪೆಟ್ಟಿಗೆಯ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ದಂಡೆಯಿಂದ ಕೋಚ್ ಅದನ್ನು ಆರಿಸಿ ಎಂದು ಸನ್ನೆ ಮಾಡಿದರು, ಆಕೆಗೆ ಅದು ಕಾಣಲಿಲ್ಲ.

ಆ ದಿನ ಸ್ಟುಡಿಯೋದಲ್ಲಿ ಆಕೆ ತೆಗೆದ ಫೋಟೋಗಳೆಲ್ಲ ಹಾಳು. ಒಬ್ಬರ ಕಿವಿ ಕತ್ತರಿಸಿಹೋಯಿತು, ಇನ್ನೊಬ್ಬರ ಕಣ್ಣು ಮುಚ್ಚಿತ್ತು, ಒಬ್ಬ ಮುದುಕಪ್ಪ ಅಂತೂ ಮೂರು ಸಲ ಕೂತು ಎದ್ದು ಬೈದುಕೊಂಡು ಹೋದ. ಗಿರಾಕಿಗಳು ಹೋದ ಮೇಲೆ ಆಕೆ ಆ ಸ್ಟೂಲಿನ ಮೇಲೆ ತಾನೇ ಕೂತು ಯೋಚಿಸಿದಳು. ಮಗಳ ಮಾತು ಮತ್ತೆ ಮತ್ತೆ ನೆನಪಾಯಿತು. ನಿಜಕ್ಕೂ ತನಗೆ ಅವಳು ಹೋಗುವುದು ಬೇಡವೇ? ಕಣ್ಣು ಬಾಯಿಯ ಮೇಲೆ ನಿಂತದ್ದು ಹೆದರಿಕೆಯಿಂದ, ಹಲ್ಲು ಕಚ್ಚಿದ್ದು ಹೆದರಿಕೆಯಿಂದ, ಕೈ ಹಾಕಿದ್ದೂ ಅದರಿಂದಲೇ. ಆದರೆ ಆ ಹೆದರಿಕೆಯ ಹಿಂದೆ, ವಿಡಿಯೋ ಕೆಟ್ಟರೆ ಕೆಡಲಿ, ಮಗಳು ಕಣ್ಣ ಮುಂದೆ ಇರುತ್ತಾಳಲ್ಲ ಎಂಬ ಕಳ್ಳ ಬುದ್ಧಿ ಎಲ್ಲಾದರೂ ಅಡಗಿ ಕೂತಿತ್ತೆ? ಇಲ್ಲ ಎಂದು ಎದೆ ತಟ್ಟಿ ಹೇಳಿಕೊಳ್ಳಲು ಆಕೆಗೆ ಆಗಲಿಲ್ಲ. ಅಷ್ಟು ದೂರದ ಕೊಳದಲ್ಲಿ ಇನ್ನಾರೋ ಕಾವಲಿಗೆ ಇರುತ್ತಾರಂತೆ. ಅವರು ಹಾಗೇ ಒಮ್ಮೆ ಆಕಳಿಸಿದರೆ? ಫೋನು ಬಂತು ಎಂದು ಅತ್ತ ತಿರುಗಿದರೆ?

ಮನೆಯಲ್ಲಿ ಗಂಡನ ಹತ್ತಿರ, ನೀವೇ ಹೋಗಿ ತೆಗೀರಿ ಎಂದಳು. ಅವನಿಗೆ ಈಜು ಬಾರದು ಎಂಬುದು ಹೇಳಿದ ಮೇಲೆ ನೆನಪಾಯಿತು. ಇಲ್ಲಿನ ಕೊಳದಲ್ಲಿ ಕಾವಲಿಗಿರುವ ಹುಡುಗಿಯನ್ನು ಕೇಳೋಣ, ನಾನು ಪಕ್ಕದ ಸಾಲಿನಲ್ಲೂ ಇರುವುದಿಲ್ಲ, ಬೆಂಚಿನ ಮೇಲೆ ಕೂರುತ್ತೇನೆ ಎಂದಳು. ಅವನು ಚಹಾದ ಲೋಟ ಕೆಳಗಿಟ್ಟ. ಬೆಂಚಿನ ಮೇಲೆ ನೀನು ಕೂರಲಾರೆ, ಎದ್ದು ಹಾರುತ್ತೀಯ ಎಂದಷ್ಟೇ ಹೇಳಿದ. ಅದೂ ನಿಜವೇ ಆಗಿತ್ತು. ಕೊನೆಗೆ ಮಗಳೇ ಬಂದು ಬಾಗಿಲಿಗೆ ಒರಗಿ ನಿಂತಳು. ಮುಖ ಇನ್ನೂ ಬಿಗಿದಿತ್ತು. ಬೇರೆ ಯಾರೂ ಬೇಡ, ಬೆಳಿಗ್ಗೆ ಕೊನೆಯ ಸಲ ನೋಡೋಣ, ಆಗದಿದ್ದರೆ ಬಿಟ್ಟುಬಿಡೋಣ ಎಂದಳು. ಗಡುವು ನಾಳೆಗೇ ಮುಗಿಯುತ್ತಿತ್ತು. ಅವಳ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಸುಸ್ತು ಕಂಡು ತಾಯಿಯ ಕರುಳು ಚುರ್ ಎಂದಿತು.

ಬೆಳಿಗ್ಗೆ ಕೊಳದಲ್ಲಿ ಯಾರೂ ಇರಲಿಲ್ಲ. ಕೋಚ್ ಬೀಗ ತೆಗೆಸಿ ಬೇಗನೆ ಒಳಗೆ ಬಿಟ್ಟಿದ್ದರು. ಕ್ಲೋರಿನ್ನಿನ ವಾಸನೆ, ಒದ್ದೆ ನೆಲ, ಮೋಟಾರಿನ ಗುಂಯ್‌ಗುಡುವ ಸದ್ದು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಂಡ ಐಸ್ ಚೀಲದಿಂದ ಕ್ಯಾಮೆರಾ ತೆಗೆದು ಪೆಟ್ಟಿಗೆಗೆ ಹಾಕಿ, ಗುಂಡಿ ಒತ್ತಿ, ಹೆಂಡತಿಯ ಹಣೆಗೆ ಪಟ್ಟಿ ಬಿಗಿದ. ಬಿಗಿದದ್ದನ್ನು ಒಮ್ಮೆ ಎಳೆದು ನೋಡಿದ, ಮತ್ತೆ ಎಳೆದು ನೋಡಿದ. ಈ ಮನುಷ್ಯನಿಗೂ ಹೆದರಿಕೆ ಎಂಬುದೊಂದು ಇದೆ ಎಂದು ಆಕೆಗೆ ಹೊಳೆದದ್ದು ಆಗಲೇ. ನೀರಿಗಿಳಿದಳು.

ಮೊದಲ ಸುತ್ತು ಎಂದಿನಂತೆಯೇ. ಭುಜ ನೋಡು, ಭುಜ ನೋಡು ಎಂದು ಮನಸ್ಸಿಗೆ ಹೇಳುತ್ತಾ, ಮನಸ್ಸು ಬಾಯಿಯ ಕಡೆ ಎಳೆಯುತ್ತಾ, ಕತ್ತು ನೋಯುತ್ತಾ. ಕೈ ತಾನಾಗಿಯೇ ಮುಂದೆ ಹೋಗದಿರಲೆಂದು ಎರಡೂ ಕೈಗಳನ್ನು ತೊಡೆಗೆ ಒತ್ತಿಕೊಂಡಿದ್ದಳು. ಎರಡನೆಯ ಸುತ್ತಿನಲ್ಲಿ ಮಗಳು ಗೋಡೆಗೆ ಒದ್ದು ತಿರುಗಿ ಹೊರಟಾಗ ಬಿಸಿಲು ಬಂತು. ಕೊಳದ ಮಾಡು ಗಾಜಿನದು. ಸೂರ್ಯ ಪಕ್ಕದ ಕಟ್ಟಡದ ಮೇಲಕ್ಕೆ ಬಂದದ್ದೇ ತಡ, ಬೆಳಕು ಓರೆಯಾಗಿ ಇಳಿದು ಕೊಳದ ತಳದವರೆಗೂ ಹೋಯಿತು. ಮಗಳ ಅಂಗೈ ನೀರು ಸೀಳಿದಾಗ ಅದರ ಹಿಂದೆ ಎದ್ದ ಗುಳ್ಳೆಗಳು ಮೊಣಕೈ ದಾಟಿ, ತೋಳು ದಾಟಿ, ಪಕ್ಕೆಯ ಉದ್ದಕ್ಕೂ ಹೊಳೆಯುತ್ತಾ ಹೋದವು.

ಎಷ್ಟು ವರ್ಷಗಳಿಂದ ಸ್ಟುಡಿಯೋ ಅಕ್ಕ ಬಿಳಿ ಪರದೆಯ ಮುಂದೆ ಚಪ್ಪಟೆ ಬೆಳಕಿನಲ್ಲಿ ಚಪ್ಪಟೆ ಮುಖಗಳನ್ನು ತೆಗೆಯುತ್ತಾ ಬಂದಿದ್ದಳೋ. ಇಂಥ ಬೆಳಕು ಆಕೆಯ ಪಾಲಿಗೆ ಬಂದಿರಲೇ ಇಲ್ಲ. ಇನ್ನೂ ಕೆಳಗಿಂದ ತೆಗೆದರೆ? ಯೋಚಿಸುವಷ್ಟರಲ್ಲಿ ಮೈ ಕೆಳಗಿಳಿದಿತ್ತು. ಉಸಿರು ಕಟ್ಟಿ, ಕೊಳವೆಗೆ ನೀರು ತುಂಬುವುದನ್ನೂ ಲೆಕ್ಕಿಸದೆ, ಮಗಳ ಅಡಿಗೆ ಹೋಗಿ ಮುಖ ಮೇಲೆ ಮಾಡಿದಳು. ಮೇಲೆ ಬೆಳಕಿನ ಹಾಳೆ, ಅದರ ಮೇಲೆ ಉದ್ದಕ್ಕೆ ಚಾಚಿದ ಮಗಳು. ಭುಜ ಹೊರಳಿತು, ಸೊಂಟ ಅದರ ಹಿಂದೆ ಹೊರಳಿತು, ಕಾಲು ಮೆಲ್ಲಗೆ ಬಡಿಯಿತು. ಈಗ ಎಡಕ್ಕೆ ಬರಬೇಕು, ನೆರಳು ಬೀಳದ ಹಾಗೆ. ಬಂದಳು. ಉಸಿರು ತೆಗೆದುಕೊಂಡು, ಕೊಳವೆಯ ನೀರು ಊದಿ ಮತ್ತೆ ಇಳಿದಳು. ತೋಳು ನೀರಿಗೆ ಇಳಿಯುವ ಜಾಗ ಸಿಗಬೇಕು, ಅಂಗೈ ತಿರುಗುವುದು ಸಿಗಬೇಕು. ಸಿಕ್ಕಿತು. ಇನ್ನೊಂದು ಸಲ, ಇನ್ನೂ ಹತ್ತಿರದಿಂದ. ತೊಡೆಗೆ ಒತ್ತಿದ್ದ ಕೈಗಳು ಯಾವಾಗಲೋ ಬಿಟ್ಟು ನೀರಿನಲ್ಲಿ ಹಾಯಾಗಿ ಆಡುತ್ತಿದ್ದವು.

ಮಗಳು ಗೋಡೆ ಮುಟ್ಟಿ ನಿಂತಾಗ ಆಕೆಗೆ ಇಷ್ಟು ಬೇಗ ಮುಗಿಯಿತೇ ಎಂದು ಬೇಸರವಾಯಿತು. ದಂಡೆಯ ಮೆಟ್ಟಿಲಿಗೆ ಬಂದು ಕನ್ನಡಕವನ್ನು ಕತ್ತಿಗೆ ಇಳಿಸಿದಳು. ಗಂಡ ಬಗ್ಗಿ ಪೆಟ್ಟಿಗೆಯ ದೀಪ ನೋಡಿ ತಲೆಯಾಡಿಸಿದ, ಪೆಟ್ಟಿಗೆಯನ್ನು ಪಟ್ಟಿಯಿಂದ ಬಿಡಿಸಿಕೊಂಡ. ಎಲ್ಲೂ ನಿಂತಿಲ್ಲ. ಕೋಚ್ ಅಲ್ಲೇ ಬೆಂಚಿನ ಮೇಲೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ವಿಡಿಯೋ ಓಡಿಸಿ ನೋಡಿದರು. ಮೊದಲು ಒಬ್ಬರೇ ನೋಡಿದರು, ಆಮೇಲೆ ಮಗಳನ್ನು ಕರೆದು ತೋರಿಸಿದರು. ಇಂಥದ್ದನ್ನು ಕೇಂದ್ರದವರು ತಮ್ಮ ಮಕ್ಕಳಿಗೆ ಪಾಠಕ್ಕೆ ಇಟ್ಟುಕೊಳ್ಳುತ್ತಾರೆ, ಇದರ ಮೇಲೆ ಇನ್ನೇನು ಬೇಕು ಎಂದರು. ಮಗಳು ತಾನು ಈಜುವುದನ್ನು ಮೊದಲ ಸಲ ನೋಡುತ್ತಿರುವವಳ ಹಾಗೆ ಬಾಯಿ ತೆರೆದು ನೋಡುತ್ತಿದ್ದಳು. ಅವಳ ಕೂದಲಿನ ನೀರು ಪರದೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಸ್ಟುಡಿಯೋ ಅಕ್ಕ ಇನ್ನೂ ಮೆಟ್ಟಿಲ ಮೇಲೇ ಇದ್ದಳು, ಸೊಂಟದವರೆಗೆ ನೀರಿನಲ್ಲಿ. ಆಗ ಆಕೆಗೆ ಅದು ಹೊಳೆಯಿತು. ಹೊಳೆದದ್ದೇ ಕಂಬಿ ಹಿಡಿದು ಅಲ್ಲೇ ಕುಸಿದು ಕೂತಳು. ಗಂಡ ಗಾಬರಿಯಿಂದ ಏನೇ, ಏನಾಯ್ತು ಎಂದ. ಮಗಳು ಕ್ಯಾಮೆರಾ ಕೋಚ್ ಕೈಗೆ ಕೊಟ್ಟು ಓಡಿ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಳು.

"ನಾನು ನೋಡ್ಲೇ ಇಲ್ಲ," ಎಂದಳು ತಾಯಿ. ಹಲ್ಲು ಕಟಕಟ ಎನ್ನುತ್ತಿತ್ತು. "ಬಿಸಿಲು ಬಂತಲ್ಲ, ಅಲ್ಲಿಂದ ಆಚೆ ನಿನ್ನ ಬಾಯಿ ನೋಡ್ಲೇ ಇಲ್ಲ. ಮರೆತೇಬಿಟ್ಟೆ. ಆಗ ಏನಾದ್ರೂ ಆಗಿದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ. ಅಷ್ಟು ಹೊತ್ತು ನೀನು ಉಸಿರಾಡ್ತಾ ಇದೀಯೋ ಇಲ್ವೋ ನನಗೆ ಗೊತ್ತೇ ಇರ್ಲಿಲ್ಲ ಪುಟ್ಟಿ."

ಮಗಳು ಆಕೆಯ ಹಣೆಯ ಮೇಲಿನ ಖಾಲಿ ಪಟ್ಟಿಯನ್ನು ಮೆಲ್ಲಗೆ ಸಡಿಲಿಸಿ ತೆಗೆದಳು. ಪಟ್ಟಿ ಒತ್ತಿದ ಗುರುತು ಕೆಂಪಗೆ ಉಳಿದಿತ್ತು.

"ಉಸಿರಾಡ್ತಾ ಇದ್ದೆ ಅಮ್ಮ," ಎಂದಳು. "ನೀನು ನೋಡದೇ ಇದ್ದಾಗಲೂ ಉಸಿರಾಡ್ತಾನೇ ಇದ್ದೆ."

ತಾಯಿ ಮಗಳ ಒದ್ದೆ ಭುಜಕ್ಕೆ ಮುಖ ಒತ್ತಿ, ಆವತ್ತಿನ ಆ ಭಾನುವಾರದ ನಂತರ ಮೊದಲ ಸಲ, ಎದುರಿಗೆ ಗಂಡನಿದ್ದಾನೆ, ಕೋಚ್ ಇದ್ದಾರೆ ಎಂಬುದನ್ನೂ ನೋಡದೆ, ದನಿ ತೆಗೆದು ಅತ್ತಳು.